ಸುರಬಾಯಾ ಎಷ್ಟು ದೂರ

ಕೌಲಾಲಂಪುರದ ಮಾರ್ಕೆಟ್ಟಿನ ಎದುರು ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದಲ್ಲಿ ಜಾವಾ ಕಡೆಯ ಇಬ್ಬರು ಮನೆಗೆಲಸದ ಹೆಂಗಸರು ಕೂತಿದ್ದರು. ಚಿಕ್ಕವಳ ಕಣ್ಣು ಊದಿಕೊಂಡಿತ್ತು.

“ಊರಲ್ಲಿ ಅಮ್ಮ ಹಾಸಿಗೆ ಬಿಟ್ಟು ಏಳ್ತಿಲ್ಲ, ರುಕ್ಮಿ ಅಕ್ಕಾ.”

“ಹೋಗಿ ನೋಡ್ಕೊಂಡು ಬಾರೇ, ವರ್ತಿನಿ.”

“ಪಾಸ್‌ಪೋರ್ಟು ಮೇಡಂ ಬೀರುವಿನಲ್ಲಿದೆ. ಕೇಳಿದ್ರೆ ಮುಂದಿನ ವರ್ಷ ನೋಡೋಣ ಅಂತಾರೆ.”

“ಅಮ್ಮಂಗೆ ಏನು ಹೇಳಿದೀಯ?”

“ಇಲ್ಲಿಂದ ನಮ್ಮ ಸುರಬಾಯಾ ತುಂಬಾ ದೂರ, ವಿಮಾನದಲ್ಲೇ ಎರಡು ದಿನ ಅಂತ.”

“ಅಯ್ಯೋ ಸುಳ್ಳುಬುರುಕಿ! ಎರಡೂಮುಕ್ಕಾಲು ಗಂಟೆ ಕಣೇ.”

“ಗೊತ್ತು. ಹತ್ರ ಅಂದ್ರೆ ಮತ್ಯಾಕೆ ಬರಲ್ಲ ಅಂತ ಕೇಳ್ತಾಳಲ್ಲ? ನಿನ್ನೆ ನನ್ನ ತಮ್ಮ ಫೋನಲ್ಲಿ ಹುಡುಕಿ ನಿಜ ಹೇಳ್ಬಿಟ್ಟಿದಾನೆ.”

“ಅಮ್ಮ ಬೈದ್ರಾ?”

“ಇಲ್ಲ ಅಕ್ಕಾ, ಖುಷಿಯಾಗಿದ್ಲು. ‘ಇಷ್ಟು ಹತ್ರ ಇದೀಯಾ? ಹಾಗಾದ್ರೆ ರಾತ್ರಿ ಊಟಕ್ಕೆ ಬಂದ್ಬಿಡು’ ಅಂದ್ಲು.”

ರುಕ್ಮಿ ಎದ್ದು ನಿಂತಳು.

“ಏಳು, ನಮ್ಮ ರಾಯಭಾರ ಕಚೇರಿಗೆ ಹೋಗೋಣ. ಪಾಸ್‌ಪೋರ್ಟು ಇಟ್ಕೊಳ್ಳೋಕೆ ನಿಮ್ಮ ಮೇಡಂಗೆ ಹಕ್ಕಿಲ್ಲ. ನಾನೂ ಬರ್ತೀನಿ.”

“ಈಗ್ಲಾ? ಮೇಡಂ ಮಗು ಸ್ಕೂಲಿಂದ ಬರೋ ಹೊತ್ತು. ಬಾಗಿಲಲ್ಲಿ ನಾನು ಕಾಣದಿದ್ರೆ ಅಳುತ್ತೆ.”

“ನಿಮ್ಮಮ್ಮ?”

ಬಸ್ಸು ಬಂದು ನಿಂತಿತು. ಅದು ಮೇಡಂ ಮನೆ ಕಡೆಗೆ ಹೋಗುವುದು. ವರ್ತಿನಿ ಸೆರಗಿನಂತೆ ಹೊದ್ದ ಬಟ್ಟೆಯಿಂದ ಮುಖ ಒರೆಸಿಕೊಂಡು ಹತ್ತಿದಳು. ರುಕ್ಮಿ ಒಂದು ಕ್ಷಣ ನಿಂತಿದ್ದು, ಅವಳ ಹಿಂದೆಯೇ ಹತ್ತಿದಳು.