ಗುರುವಾರದ ಕಾರು

ಬಸ್‌ ನಿಲ್ದಾಣದಲ್ಲಿ ನನ್ನ ಪಕ್ಕ ಇಬ್ಬರು ಹೆಂಗಸರು. ಇಬ್ಬರ ಕೈಯಲ್ಲೂ ಚರ್ಚಿನವರು ಹಂಚಿದ ಬಟ್ಟೆಚೀಲ.

"ಹೊಗೆ ಕಮ್ಮಿಯಾಗ್ಲಿ, ಕಾರು ಹಂಚ್ಕೊಳ್ಳಿ ಅಂದ್ರಲ್ಲ ಪಾದ್ರಿಗಳು. ನಮ್ಮನೆಯವರ ಹೆಸರು ಪಟ್ಟೀಲಿ ಬರೆದುಬಿಟ್ಟೆ ಅಕ್ಕ."

"ಯಾವತ್ತಿಗೆ?"

"ಪ್ರತಿ ಗುರುವಾರಕ್ಕೆ. ಹಾಡಿನ ಅಭ್ಯಾಸಕ್ಕೆ ಒಬ್ಬರೇ ಬರ್ತಾರಲ್ಲ, ನಿಮ್ಮನ್ನೂ ಕೂರಿಸ್ಕೊಳ್ಲಿ."

"ಅಭ್ಯಾಸಕ್ಕಾ?"

"ಮತ್ತೆ? ನಿಮ್ಮ ಜೊತೇನೇ ಹಾಡ್ತಾರಲ್ಲ."

"ಅವರು ಹಾಡೋದು ಬಿಟ್ಟು ಎರಡು ವರ್ಷ ಆಯ್ತಲ್ಲೇ!"

"ಏನಂದ್ರಿ?"

"ಅಯ್ಯೋ, ನನ್ನ ಹಾಳು ಬಾಯಿ! ನಿಂಗೆ ಗೊತ್ತಿದೆ ಅಂದ್ಕೊಂಡೆ ಕಣೇ."

"ತಪ್ಪದೆ ಹೋಗ್ತಾರಕ್ಕ! ಸೆಂಟು ಹಾಕ್ಕೊಂಡು ಹೋಗ್ತಾರೆ!"

ಬಸ್ಸು ಬಂದು ನಿಂತಿತು.

"ಹತ್ತೇ, ದಾರೀಲಿ ಮಾತಾಡೋಣ."

"ನೀವು ಹೋಗಿ. ಇವತ್ತು ಗುರುವಾರ. ನಾನೇ ಅಂಗಿ ಇಸ್ತ್ರಿ ಮಾಡಿಟ್ಟು ಬಂದಿದ್ದೀನಿ."

ಆಕೆ ಬಂದ ದಾರಿಯಲ್ಲೇ ಓಡಿದಳು. ಬಟ್ಟೆಚೀಲ ಬೆಂಚಿನ ಮೇಲೆಯೇ ಉಳಿಯಿತು.