ಮೂರು ಗಂಟೆಯ ಲೋಡ್

ಆ ಕುರ್ಚಿ ಬೇಡ, ಅದು ಬಾಯ್ಲರ್ ಗೋಡೆಗೆ ತಾಗಿದೆ, ಬೆನ್ನು ಸುಡುತ್ತೆ. ಇಲ್ಲಿ ಬಾಗಿಲ ಹತ್ರ ಕೂತ್ಕೊ. ನೀರು ಕುಡೀತೀಯಾ? ಬೇಡ್ವಾ. ನಿಮ್ಮಮ್ಮನ ಮಗಳೇ ನೀನು, ಸಂಶಯವೇ ಇಲ್ಲ. ಅವರೂ ಹೀಗೇ, ಲೋಟ ಮುಂದೆ ಇಟ್ರೆ ಕೈ ಅಡ್ಡ ಹಿಡಿಯೋರು.

ಇದೇ ಅಪಘಾತದ ಫಾರಂ. ಎರಡೇ ಪುಟ. ನಡೆದದ್ದನ್ನೆಲ್ಲ ನಾನೇ ತುಂಬಿಸಿ ಸಹಿ ಹಾಕಿದೀನಿ, ಮನೆಯವರು ಅಂತ ಕೆಳಗೆ ನಿನ್ನದೊಂದು ಸಹಿ ಬೇಕು, ಅಷ್ಟೇ. ನಾಳೆ ಒಳಗೆ ಕಾರ್ಮಿಕ ಇಲಾಖೆ ಕಚೇರಿಗೆ ಮುಟ್ಟಬೇಕು. ಓದು, ಓದು, ಓದಬೇಡ ಅಂದ್ನಾ ನಾನು? ಅಂಚೆ ಕಚೇರಿ ಕೌಂಟರಲ್ಲಿ ಕೂರೋಳು ನೀನು, ದಿನಾ ಇಂಥ ನೂರು ಫಾರಂ ನೋಡ್ತೀಯ. ನಿಧಾನಕ್ಕೇ ಓದು.

ದೊಡ್ಡಕ್ಕ ಹೇಗಿದಾರೆ? ಇಲ್ಲಿ ಎಲ್ಲರೂ ನಿಮ್ಮಮ್ಮನ್ನ ಹಾಗೇ ಕರೀತೀವಿ, ಗೊತ್ತಲ್ಲ. ನಿನ್ನೆ ಕಣ್ಣು ಬಿಟ್ಟರು ಅಂತ ನರ್ಸ್ ಫೋನಲ್ಲಿ ಹೇಳಿದ್ರು. ನಾನು ದಿನಾ ಎರಡು ಸಲ ಫೋನ್ ಮಾಡ್ತೀನಿ. ಬಂದು ನೋಡೋಣ ಅಂದ್ರೆ ಈ ಹಾಲ್ ಬಿಟ್ಟು ಕದಲೋ ಹಾಗಿಲ್ಲ. ನೋಡ್ತಿದೀಯಲ್ಲ, ಎಂಟು ಪ್ರೆಸ್ ಯಂತ್ರ, ಎಂಟೂ ಉಗುಳೋದು ಹಬೆ. ಮೂರು ಆಸ್ಪತ್ರೆ, ಎರಡು ಹೋಟೆಲಿನ ಬಟ್ಟೆ ಒಗೆದು ಇಸ್ತ್ರಿ ಮಾಡೋಕೆ ಬಂದು ಬೀಳುತ್ತೆ. ಬೇಸಿಗೇಲಿ ಜನ ಬೆವರೋದು ಜಾಸ್ತಿ, ಬೆಡ್‌ಶೀಟ್ ಬರೋದೂ ಜಾಸ್ತಿ. ಯಾರಿಗೆ ಸೆಕೆ ಆದ್ರೂ ಕೊನೆಗೆ ಅದು ಬಂದು ಸೇರೋದು ನಮ್ಮ ಹಾಲಿಗೆ.

ನಾನು ಹೇಳಿಲ್ಲ ಅಂತ ಮಾತ್ರ ಅಂದ್ಕೋಬೇಡ. ಹೇಳಿ ಹೇಳಿ ನನ್ನ ಗಂಟಲು ಒಣಗಿಹೋಗಿದೆ. ಯಾರೂ ಕಿವಿಗೆ ಹಾಕ್ಕೊಳ್ಳಲ್ಲ ತಾಯಿ. ಹೋದ ವಾರ ಊಟದ ಹೊತ್ತಲ್ಲಿ ಟಿವಿಯಲ್ಲಿ ಏನು ತೋರಿಸಿದ್ರು ಗೊತ್ತಾ? ಸುದ್ದಿ ಓದೋನೊಬ್ಬ ಕಾರಿನ ಬಾನೆಟ್ ಮೇಲೆ ಮೊಟ್ಟೆ ಒಡೆದು ಬೇಯಿಸ್ತಿದ್ದ. ನಮ್ಮ ಹೆಂಗಸರೆಲ್ಲ ನಕ್ಕು ನಕ್ಕು ಸುಸ್ತು. ಮೊಟ್ಟೆ ಬೆಂದದ್ದು ಎಲ್ಲರಿಗೂ ಕಾಣಿಸ್ತು, ನಾವೂ ಅದೇ ಬಿಸಿಲಲ್ಲೇ ಇದೀವಿ ಅನ್ನೋದು ಒಬ್ಬಳ ತಲೆಗೂ ಹೋಗಲಿಲ್ಲ. ಅದೇ ಹೊತ್ತಿಗೆ ಬಿಸಿಲಿನ ಎಚ್ಚರಿಕೆ ಮೆಸೇಜ್ ಬಂತು. ಹಾಲಲ್ಲಿ ಅಷ್ಟೂ ಜನರ ಫೋನು ಒಟ್ಟಿಗೇ ಕಿರುಚಿಕೊಂಡವು. ಜೀವ ಬಾಯಿಗೆ ಬಂತು ನನಗೆ. ಇವರು? ಒಟ್ಟಿಗೇ ಬೆರಳಾಡಿಸಿ ಒಟ್ಟಿಗೇ ಬಾಯಿ ಮುಚ್ಚಿಸಿದ್ರು. ಹೋದ ವರ್ಷವೂ ಹೀಗೇ ಹೆದರಿಸಿದ್ರು, ಏನಾಯ್ತು ಅಂದ್ಲು ಒಬ್ಬಳು. ಮನೆಗೆ ಹೋದ್ರೆ ನಮ್ಮ ಯಜಮಾನ್ರು ಇನ್ನೊಂದು. ನಡುಮಧ್ಯಾಹ್ನ ತಾರಸಿ ಮೇಲೆ ನಿಂತು ನೀರಿನ ಟ್ಯಾಂಕಿಗೆ ಬಣ್ಣ ಬಳಿತಾರೆ. ಬೆವರಿದ್ರೆ ಮೈಗೆ ಒಳ್ಳೇದಂತೆ. ಎಲ್ಲರಿಗೂ ಒಂದೇ ಧೈರ್ಯ, ಬೀಳೋದು ಯಾರೋ ಬೇರೆಯವರು ಅಂತ.

ನಿಮ್ಮಮ್ಮನೂ ಕಮ್ಮಿ ಇರಲಿಲ್ಲ. ಬೇಜಾರು ಮಾಡ್ಕೋಬೇಡ. ಮೂವತ್ತೊಂದು ವರ್ಷ ಈ ಹಬೇಲಿ ನಿಂತಿದೀನಿ, ನನ್ನ ಚರ್ಮವೇ ಇಸ್ತ್ರಿ ಆಗಿದೆ, ಇನ್ನೇನು ಸುಡುತ್ತೆ ಅನ್ನೋರು. ನೀರು ಕುಡಿಯೋಲ್ಲ. ಯಾಕೆ ಅಂದ್ರೆ ಶೌಚಾಲಯ ಇರೋದು ಅಂಗಳದ ಆ ತುದೀಲಿ, ಇರೋದು ಒಂದೇ, ಹೋಗಿಬರೋಕೆ ಎಂಟು ನಿಮಿಷ. ಅಷ್ಟರಲ್ಲಿ ಶೀಟು ಗುಡ್ಡೆ ಬೀಳುತ್ತೆ. ಅದಕ್ಕೆ ನಾನು ಏನು ಮಾಡ್ದೆ? ಎಲ್ಲರ ಬಾಟಲಿಗೂ ಎರಡೆರಡು ಕೆಂಪು ಗೆರೆ ಎಳೆದೆ. ಹನ್ನೆರಡು ಗಂಟೆಗೆ ನೀರು ಈ ಗೆರೆಗೆ ಇಳಿದಿರಬೇಕು, ಎರಡಕ್ಕೆ ಇದಕ್ಕೆ. ಮೂರು ದಿನ ಎಲ್ಲರದ್ದೂ ಸರಿಯಾಗಿ ಗೆರೆ ಮೇಲೆ. ನಾನು ಒಳಗೊಳಗೇ ಬೀಗಿದೆ. ನಾಲ್ಕನೇ ದಿನ ನೋಡ್ತೀನಿ, ನಿಮ್ಮಮ್ಮ ಸಾಲಲ್ಲಿ ನಿಂತು ಬಾಟಲಿ ನೀರನ್ನ ಅಳತೆ ಮಾಡಿ ಮೋರಿಗೆ ಸುರೀತಿದಾರೆ. ಅವರ ಹಿಂದೆ ಇನ್ನೂ ನಾಲ್ಕು ಜನ ಬಾಟಲಿ ಹಿಡ್ಕೊಂಡು ಕಾಯ್ತಿದಾರೆ.

ಹಾ, ನಗು ಬಂತಲ್ಲ. ಆವತ್ತು ನಾನೂ ನಕ್ಕೆ. ಬೈಯೋಕೆ ಹೋಗಿ ನಕ್ಕುಬಿಟ್ಟೆ. ಅವರನ್ನ ಬೈಯೋಕೆ ನನಗೆ ಬಾಯಿ ಎಲ್ಲಿ ಬರುತ್ತೆ? ನನಗೆ ಈ ಕೆಲಸ ಕಲಿಸಿದ್ದೇ ಅವರು. ಬಂದ ಮೊದಲ ದಿನ ಪ್ರೆಸ್ಸಿನ ಕೆಳಗೆ ಬೆರಳು ಇಡೋಳಿದ್ದೆ, ಮೊಣಕೈ ಹಿಡಿದು ಎಳೆದ್ರು. ಈ ಹತ್ತು ಬೆರಳೂ ಅವರ ಲೆಕ್ಕದ್ದು. ಆಮೇಲೆ ನಾನು ಮೇಲ್ವಿಚಾರಕಿ ಆದೆ, ಅವರು ಮೂರನೇ ಯಂತ್ರದ ಹತ್ರವೇ ಉಳಿದ್ರು. ಅದಕ್ಕೂ ಒಂದು ದಿನ ಮುಖ ಸಿಂಡರಿಸಿದವರಲ್ಲ.

ಧಣಿಗಳ ವಿಷಯ ಕೇಳಬೇಡ. ಎರಡು ದೊಡ್ಡ ಫ್ಯಾನ್ ಕಳಿಸಿದ್ರು. ಹಾಕಿದ್ರೆ ಬಾಯ್ಲರ್ ಕಡೆಯ ಬಿಸಿಗಾಳಿಯನ್ನೇ ತಂದು ಮುಖಕ್ಕೆ ಎಸೆಯೋದು, ಜೊತೆಗೆ ಮಡಿಸಿದ ಶೀಟೆಲ್ಲ ಹಾರಿ ನೆಲಕ್ಕೆ. ಆರಿಸಿ ಮೂಲೇಲಿ ನಿಲ್ಲಿಸಿದೀವಿ. ಹೋಗಿ ಹೇಳಿದ್ರೆ, ಬಿಸಿಲು ಹೊರಗಿದೆ, ನೀವು ಸೂರಿನ ಕೆಳಗಿದೀರಿ, ಏನು ಕಷ್ಟ ಅಂತಾರೆ. ಸೋಮವಾರ ಇಬ್ಬರು ಹುಡುಗೀರ ಮುಖ ಕೆಂಪಗೆ ಊದಿಕೊಂಡಿತ್ತು. ಹನ್ನೆರಡಕ್ಕೇ ಮನೆಗೆ ಕಳಿಸಿಬಿಟ್ಟೆ. ಮೂರು ಗಂಟೆಯ ಲೋಡ್, ಆಸ್ಪತ್ರೆಗೆ ವಾಪಸ್ ಹೋಗೋ ಬಟ್ಟೆ, ಹೊರಟಾಗ ಐದಾಗಿತ್ತು. ಆಸ್ಪತ್ರೆಯೊಂದರಿಂದ ಧಣಿಗಳಿಗೆ ಫೋನ್ ಹೋಯ್ತು. ಧಣಿಗಳು ನನ್ನ ಕರೆಸಿ, ಕೂತ್ಕೋ ಅಂತಲೂ ಹೇಳಲಿಲ್ಲ. ನಿನಗೆ ಈಚೆಗೆ ಭಯ ಜಾಸ್ತಿ ಆಗಿದೆ, ಭಯಪಡೋರಿಗೆ ಮೇಲ್ವಿಚಾರಣೆ ಯಾಕೆ ಅಂದ್ರು. ಇಷ್ಟು ವರ್ಷ ದುಡಿದ ಮೇಲೆ.

ಮಂಗಳವಾರದ್ದು ಎಲ್ಲಾ ಅಲ್ಲಿ ಬರೆದಿದೆ. ಬಾಯಲ್ಲೂ ಹೇಳ್ತೀನಿ ಕೇಳು. ಆವತ್ತು ಹೊರಗೇ ನಲವತ್ತಮೂರು ಡಿಗ್ರಿ. ದೊಡ್ಡಕ್ಕ ಬೆಳಿಗ್ಗೆ ಎಂದಿನ ಹಾಗೆ ಬಂದ್ರು, ಎಂದಿನ ಹಾಗೆ ಕೆಲಸ ಮಾಡ್ತಿದ್ರು. ಎರಡು ಗಂಟೆ ಹೊತ್ತಿಗೆ ಮೂರನೇ ಯಂತ್ರದ ಮುಚ್ಚಳ ಬಿದ್ದ ಸದ್ದು ಬಂತು, ಮತ್ತೆ ಮೇಲೆ ಏಳಲಿಲ್ಲ. ತಿರುಗಿ ನೋಡಿದ್ರೆ ಅವರು ನೆಲದ ಮೇಲೆ. ಪುಣ್ಯ, ಕೈ ಒಳಗಿರಲಿಲ್ಲ. ಓಡಿ ಹೋಗಿ ಮುಟ್ಟಿದ್ರೆ ಮೈ ಕೆಂಡ. ಒಂದು ಹನಿ ಬೆವರಿಲ್ಲ, ಒಣಗಿದ ಕಾಗದದ ಹಾಗಿತ್ತು ಚರ್ಮ. ಕೂದಲು ಮಾತ್ರ ಒದ್ದೆ, ಮುಖ ತೊಳ್ಕೊಂಡು ಬಂದಿದ್ರಲ್ಲ, ಹಣೆಗೆಲ್ಲ ಅಂಟಿಕೊಂಡಿತ್ತು. ಕಣ್ಣು ಎಲ್ಲೋ ನೋಡ್ತಿತ್ತು. ನನ್ನನ್ನ ಅಮ್ಮ ಅಂತ ಕರೆದ್ರು. ಒಗೆದಿಟ್ಟ ಶೀಟುಗಳನ್ನೇ ತಣ್ಣೀರಲ್ಲಿ ಅದ್ದಿ ಅದ್ದಿ ಸುತ್ತಿದೆ. ಆಂಬುಲೆನ್ಸ್ ಬರೋಕೆ ಇಪ್ಪತ್ತೈದು ನಿಮಿಷ. ಅಷ್ಟೂ ಹೊತ್ತು ಅವರ ತಲೆ ನನ್ನ ತೊಡೆ ಮೇಲಿತ್ತು. ಡಾಕ್ಟರು ಹೇಳಿದ್ರಂತಲ್ಲ, ಒದ್ದೆ ಬಟ್ಟೆ ಸುತ್ತಿದ್ದೇ ಉಳಿಸ್ತು ಅಂತ. ಅದನ್ನೂ ಬರೆದಿದೀನಿ, ಎರಡನೇ ಪುಟದಲ್ಲಿದೆ.

ನೀನು ಇನ್ನೂ ಮೊದಲನೇ ಪುಟದಲ್ಲೇ ಇದೀಯಾ.

ಯಾವ ಸಾಲು ಅದು? ಬೆರಳು ತೆಗಿ, ನೋಡ್ತೀನಿ. "ಅಸ್ವಸ್ಥತೆಯ ಬಗ್ಗೆ ಕಾರ್ಮಿಕರು ಮೊದಲೇ ಯಾರಿಗೂ ತಿಳಿಸಿರಲಿಲ್ಲ." ಹೂಂ. ಅಲ್ಲಿ ಹೌದು ಇಲ್ಲ ಅಂತ ಎರಡು ಚೌಕ ಇರುತ್ತೆ, ಒಂದಕ್ಕೆ ಗುರುತು ಹಾಕಲೇಬೇಕು. ಹೌದು, ತಿಳಿಸಿರಲಿಲ್ಲ ಅಂತ ಹಾಕಿದೀನಿ. ಅದೇ ತಾನೇ ನನ್ನ ಸಂಕಟ. ಒಂದು ಮಾತು ಹೇಳಿದ್ರೆ ನಾನು ನಿಲ್ಲಿಸಿಕೊಳ್ತಿದ್ನಾ? ಹಿಂದಿನ ದಿನ ಇಬ್ಬರನ್ನ ಕಳಿಸಿದೋಳು ಇವರನ್ನ ಕಳಿಸ್ತಿರಲಿಲ್ವಾ? ಈ ಹೆಂಗಸರು ಬೀಳೋವರೆಗೂ ಬಾಯಿ ಬಿಡಲ್ಲ. ಬಿದ್ದ ಮೇಲೆ ಎಲ್ಲರೂ ನನ್ನ ಮುಖ ನೋಡ್ತಾರೆ.

ಯಾಕೆ ಹಾಗೆ ನೋಡ್ತೀಯ?

ಮುಖ ತೊಳೆದದ್ದಾ? ಸೆಕೆ, ತೊಳ್ಕೊಂಡ್ರು. ಎಲ್ಲರೂ ತೊಳ್ಕೋತಾರೆ. ಹೌದು, ಮುಖ ತೊಳೆಯೋ ನಲ್ಲಿ ಇರೋದು ಶೌಚಾಲಯದ ಪಕ್ಕ, ಅಂಗಳದ ಆ ತುದೀಲೇ. ಎಂಟು ನಿಮಿಷ ಅಂತ ನಾನೇ ಹೇಳ್ದೆ. ಲೋಡ್ ಇರೋವಾಗ ಅವರು ಯಂತ್ರ ಬಿಟ್ಟು ಹೋಗೋರಲ್ಲ, ಅದನ್ನೂ ನಾನೇ ಹೇಳ್ದೆ. ಒಂದಿನ ಹೋಗಿರ್ತಾರೆ ಅಪ್ಪಾ. ಅದರಲ್ಲೇನಿದೆ?

ಏನಾದ್ರೂ ಮಾತಾಡೇ. ಆಗಿನಿಂದ ನಾನೊಬ್ಬಳೇ ಒದರ್ತಿದೀನಿ, ನೀನು ಪೆನ್ನಿನ ಮುಚ್ಚಳವನ್ನೂ ತೆಗೆದಿಲ್ಲ.

ಅವರು ಮಾತಾಡ್ತಿದಾರಾ? ಕಣ್ಣು ಬಿಟ್ಟದ್ದು ಗೊತ್ತು, ಮಾತು ಬಂತಾ ಅಂತ ಕೇಳ್ತಿದೀನಿ. ಬಂತು. ಹೂಂ. ಯಾವಾಗಿಂದ? ನಿನ್ನೆ ಸಂಜೆಯಿಂದಲೇ. ಒಳ್ಳೇದಾಯ್ತು. ನಿಜವಾಗ್ಲೂ ಒಳ್ಳೇದಾಯ್ತು, ನಾನು ಎಷ್ಟು ಬೇಡ್ಕೊಂಡೆ ಅಂತ ನಿನಗೆ ಗೊತ್ತಿಲ್ಲ.

ಏನು ಹೇಳಿದ್ರು?

ಹೇಳಲ್ವಾ. ನನ್ನ ಬಾಯಿಂದಲೇ ಬರಲಿ ಅಂತ ಕೂತಿದೀಯ. ಆಯ್ತು ಬಿಡು. ಅವರು ನಿನಗೆ ಎಲ್ಲಾ ಹೇಳಿದ ಮೇಲೆ ನಾನು ಇಲ್ಲಿ ಕಥೆ ಕಟ್ಕೊಂಡು ಕೂತಿದೀನಿ, ನಾಚಿಕೆಗೇಡು. ನಾಳೆ ಒಳಗೆ ಅನ್ನೋದೂ ಸುಳ್ಳು. ಇನ್ನೂ ಹತ್ತು ದಿನ ಸಮಯ ಇದೆ. ಅವರಿಗೆ ಎಚ್ಚರ ಆಯ್ತು ಅಂತ ಕೇಳಿದ ತಕ್ಷಣ ನಿನ್ನ ಕರೆಸಿದೆ. ಮಾತು ಬರೋದರೊಳಗೆ ಸಹಿ ಆಗಲಿ ಅಂತ.

ಬಂದಿದ್ರು. ಒಂದೂವರೆಗೆ, ನನ್ನ ಮೇಜಿನ ಹತ್ರ. ಅವರು ಯಾವತ್ತೂ ಯಂತ್ರ ಬಿಟ್ಟು ಇಲ್ಲಿವರೆಗೆ ಬಂದೋರಲ್ಲ. ಮೇಜಿನ ಅಂಚು ಹಿಡ್ಕೊಂಡು ನಿಂತ್ರು. ನನಗೆ ಶೀಟಿನ ಅಂಚು ಎರಡೆರಡು ಕಾಣ್ತಿದೆ, ಸ್ವಲ್ಪ ಹೊತ್ತು ಹೊರಗೆ ಕೂತ್ಕೊಳ್ಳಲಾ ಅಂತ ಕೇಳಿದ್ರು. ನನ್ನನ್ನ. ನಾನು ತಲೆ ಎತ್ತಿ ಸರಿಯಾಗಿ ನೋಡಲೂ ಇಲ್ಲ. ನನ್ನ ಕಿವೀಲಿ ಧಣಿಗಳ ಮಾತೇ ಗುಂಯ್ಗುಡ್ತಿತ್ತು, ನಿನಗೆ ಭಯ ಜಾಸ್ತಿ ಆಗಿದೆ ಅಂತ. ಎರಡೆರಡು ಕಂಡ್ರೆ ಲೋಡ್ ಬೇಗ ಮುಗಿಯುತ್ತೆ ಬಿಡು ದೊಡ್ಡಕ್ಕ ಅಂತ ತಮಾಷೆ ಮಾಡ್ದೆ. ಮುಖ ತೊಳ್ಕೊಂಡು ಬಾ, ಮೂರು ಗಂಟೆಯ ಲೋಡ್ ಹೋಗಲಿ, ಆಮೇಲೆ ಎಷ್ಟು ಬೇಕಾದ್ರೂ ಕೂತ್ಕೊ ಅಂದೆ. ಅವರು ಸರಿ ಅಂದ್ರು. ಆ ಬಿಸಿಲಲ್ಲಿ ಅಂಗಳ ದಾಟಿ ಹೋಗಿ ಮುಖ ತೊಳ್ಕೊಂಡು, ಮತ್ತೆ ಅಂಗಳ ದಾಟಿ ಬಂದು ಯಂತ್ರದ ಮುಂದೆ ನಿಂತ್ರು. ನಾನು ಹೇಳಿದ ಹಾಗೇ.

ಇಷ್ಟೇ ನಡೆದದ್ದು. ಮೊಟ್ಟೆ ಬೇಯಿಸೋನ ಮೇಲೆ, ಫೋನ್ ಬಾಯಿ ಮುಚ್ಚಿಸೋರ ಮೇಲೆ, ಎಲ್ಲರ ಮೇಲೂ ಸಿಟ್ಟು ಮಾಡ್ಕೊಂಡೋಳು ನಾನು. ನನ್ನ ಹತ್ರವೇ ಬಂದು ಕೇಳಿದೋರಿಗೆ ಇದು ನನ್ನ ಉತ್ತರ. ಈಗ ಬೈ. ಬೈಯೋಕೇ ತಾನೇ ಬಂದದ್ದು? ಅವರು ಹೇಳಿದ್ದಕ್ಕೂ ಇದಕ್ಕೂ ಏನಾದ್ರೂ ವ್ಯತ್ಯಾಸ ಇದೆಯಾ, ಹೇಳು.

ತಲೆ ಅಲ್ಲಾಡಿಸ್ತಿದೀಯ. ವ್ಯತ್ಯಾಸ ಇಲ್ಲ ಅಂತಾನಾ?

ಅಲ್ವಾ? ಮತ್ತೆ?

ಅವರು ಏನೂ ಹೇಳಿಲ್ವಾ. ಆವತ್ತಿನದು ಏನೂ ನೆನಪಿಲ್ಲವಾ ಅವರಿಗೆ? ಬೆಳಿಗ್ಗೆ ಮನೆ ಬಿಟ್ಟದ್ದೂ ಇಲ್ಲ. ಹಾಗಾದ್ರೆ ನಿನಗೆ ಯಾವುದೂ ಗೊತ್ತಿರಲಿಲ್ಲ. ಮುಖ ತೊಳೆದದ್ದು ಯಾಕೆ ಅಂತ ಅನುಮಾನ ಬಂತು, ನೀನು ಸುಮ್ಮನೆ ಕಾದೆ, ಅಷ್ಟೇ. ಉಳಿದದ್ದನ್ನೆಲ್ಲ ನಾನೇ ಕೈಯಾರೆ ತೆಗೆದು ಮುಂದೆ ಇಟ್ಟೆ.

ಅಳಬೇಡ. ಇಲ್ಲ, ಅಳು. ನಾನ್ಯಾರು ಬೇಡ ಅನ್ನೋಕೆ.

ಫಾರಂ ಈ ಕಡೆ ಕೊಡು, ಆ ಸಾಲು ಹೊಡೆದುಹಾಕಿ ಬೇರೆ ಬರೀತೀನಿ. ಕೊಡು. ಕೊಡಲ್ವಾ? ಮಡಚಬೇಡ ಕಣೇ, ಅದು ಕಚೇರಿಗೆ ಹೋಗಬೇಕಾದ್ದು.

ಅದಕ್ಕೇ ಚೀಲಕ್ಕೆ ಹಾಕ್ಕೊಳ್ತಿದೀಯಾ. ನೀನೇ ಕೊಡ್ತೀಯ ಕಚೇರಿಗೆ. ನಾನು ಬರೆದ ಸುಳ್ಳಿನ ಸಮೇತ, ನನ್ನ ಸಹಿ ಇರೋ ಹಾಗೇ.

ಸರಿ. ತಗೊಂಡು ಹೋಗು. ಕಚೇರಿಯವರು ಕರೆಸಿ ಕೇಳಿದಾಗ ನಿನಗೆ ಹೇಳಿದ್ದನ್ನೇ ಹೇಳ್ತೀನಿ. ಹೇಳ್ತೀನಿ ಅನ್ನೋದು ನಿನಗೆ ನಂಬಿಕೆ ಬರ್ತಿಲ್ಲ, ಕಾಣ್ತಿದೆ. ನನಗೇ ಪೂರ್ತಿ ಬರ್ತಿಲ್ಲ.