ಉಪ್ಪು ನೋಡುವವನು

ಅಧ್ಯಕ್ಷರಾದ ಬಸವರಾಜಪ್ಪನವರೇ, ನನ್ನನ್ನು ಈಗಷ್ಟೇ ಹೊಗಳಿ ಕೂತಿರುವ ಹಕ್ಕಿ ಸಂಶೋಧಕಿ ಕೃತಿಕಾ ಅವರೇ, ಮುಂದೆ ಕುರ್ಚಿ ಖಾಲಿಯಿದ್ದರೂ ಹಿಂದೆ ನಿಂತಿರುವ ಮೂಡಿಗೆರೆಯ ಸಭಿಕರೇ,

ಈ ಶಂಶುದ್ದೀನ್ ಯಾರು ಅಂತ ನಿಮ್ಮಲ್ಲಿ ಅರ್ಧ ಜನಕ್ಕೆ ಗೊತ್ತಿಲ್ಲ. ನಾನೇ. ಇದೇ ಊರಲ್ಲಿ ಪಂಪ್‌ಸೆಟ್ ರಿಪೇರಿ ಮಾಡಿಕೊಂಡಿದ್ದವನು, ಚಾರ್ಮಾಡಿ ಇಳಿದು ಕರಾವಳಿಯಲ್ಲಿ ಕಿಂಡಿ ಅಣೆಕಟ್ಟು ಕಾಯುವ ಕೆಲಸಕ್ಕೆ ಸೇರಿದೆ. ಮೂವತ್ತೊಂದು ವರ್ಷ. ಬೇಸಿಗೆಯಲ್ಲಿ ಘಟ್ಟದಂಚಿನ ಎಸ್ಟೇಟುಗಳಲ್ಲಿ ಸ್ಪ್ರಿಂಕ್ಲರ್ ತಿರುಗಿದ ಹಾಗೆಲ್ಲ ಕೆಳಗೆ ಹೊಳೆ ಸಣ್ಣಗಾಗುತ್ತದೆ. ಬೈಯುತ್ತಿಲ್ಲ, ಹೇಳಿದೆ ಅಷ್ಟೆ. ಆಗ ಸಮುದ್ರದ ನೀರು ಹೊಳೆಯಲ್ಲಿ ಮೇಲಕ್ಕೆ ಬರುತ್ತದೆ. ಅದು ಬರುವ ಮೊದಲು ಕಿಂಡಿಗಳಿಗೆ ಹಲಗೆ ಇಳಿಸಬೇಕು, ಇಲ್ಲದಿದ್ದರೆ ಪಕ್ಕದ ಸಿಹಿನೀರಿನ ಜೌಗು ಹಾಳು. ತಾವರೆ ಎಲೆ ಮೇಲೆ ಓಡಾಡುವ ದೇವನಕ್ಕಿಗಳು ಇರೋದೇ ಅಲ್ಲಿ.

ಯಾವತ್ತು ಇಳಿಸಬೇಕು? ಉಪ್ಪು ಅಳೆಯುವ ಯಂತ್ರ ಕೇಳಿದ್ದೆ, ಇಲಾಖೆಯವರು ಕೊಡಲಿಲ್ಲ. ದಿನಾ ಬೆಳಿಗ್ಗೆ ಒಂದು ಬೊಗಸೆ ನೀರು ಬಾಯಿಗೆ ಹಾಕಿ ನೋಡುತ್ತಿದ್ದೆ. ನನ್ನ ಹೆಂಡತಿ ರಶೀದಾ, ‘ಮನೇಲಿ ಸಾರಿಗೆ ಉಪ್ಪು ಕಮ್ಮಿ ಅಂತೀರಿ, ಹೊಳೇಲಿ ಜಾಸ್ತಿ ಅಂತೀರಿ, ಒಂದು ಕಡೆಯಾದ್ರೂ ಸಮಾಧಾನ ಇದ್ಯಾ ನಿಮಗೆ?’ ಅನ್ನುತ್ತಿದ್ದಳು. ನಗಿ, ನಗಲೆಂದೇ ಹೇಳಿದ್ದು.

ಅವಳು ತೀರಿಕೊಂಡು ನಾಲ್ಕು ವರ್ಷ. ಆಮೇಲೆ ನನಗೆ ಅನ್ನ ರುಚಿಸಲಿಲ್ಲ. ಯಾರಿಗೆ ರುಚಿಸುತ್ತದೆ ಹೇಳಿ? ದುಃಖಕ್ಕೆ ಹೀಗೆ ಅಂದುಕೊಂಡೆ. ನಡುವೆ ಬಂದ ಒಂದು ಜ್ವರ ನಾಲಿಗೆಯ ರುಚಿಯನ್ನೇ ತೆಗೆದುಕೊಂಡು ಹೋಗಿದ್ದು ಗೊತ್ತಾಗಲಿಲ್ಲ. ಎದುರಿಗೆ ಕೂತು ಉಣ್ಣುವವರಿದ್ದರೆ ತಾನೇ, ‘ಏನ್ರೀ ಇದು, ಉಪ್ಪಿನ ಡಬ್ಬಿನೇ ಸುರಿದಿದ್ದೀರಲ್ಲ’ ಅನ್ನೋದು?

ಕೃತಿಕಾ ಅವರೇ, ಬೇಡ ಅಂತ ಸನ್ನೆ ಮಾಡಬೇಡಿ, ಹೇಳಿಬಿಡುತ್ತೇನೆ. ಆ ಜ್ವರ ಬಂದುಹೋದ ಬೇಸಿಗೆ ಒಂಬತ್ತು ದಿನ ನೀರು ನೋಡಿ, ಸಿಹಿ ಇದೆ ಅಂತ ಹಲಗೆ ಇಳಿಸದೆ ಬಿಟ್ಟೆ. ಹತ್ತನೇ ದಿನ ಇವರು ಹಕ್ಕಿ ನೋಡಲು ಬಂದವರು ಬಾಯಿಗಿಟ್ಟು ಉಗುಳಿದರು. ‘ಶಂಶಣ್ಣ, ಇದು ಸಮುದ್ರದ ನೀರು ಮಾರಾಯ್ರೇ’ ಅಂದರು. ಅಷ್ಟರಲ್ಲಿ ತಾವರೆ ಎಲೆಗಳು ಕಪ್ಪಾಗಿದ್ದವು. ವಾರದೊಳಗೆ ಒಂದು ದೇವನಕ್ಕಿಯೂ ಉಳಿಯಲಿಲ್ಲ. ಇವರು ಯಾರಿಗೂ ಹೇಳಲಿಲ್ಲ. ಆಮೇಲಿನ ಎರಡು ಬೇಸಿಗೆ ತಾವೇ ಬಂದು ನೀರು ನೋಡಿದರು. ಅದಕ್ಕೇ ಈ ಶಾಲು ನನ್ನ ಹೆಗಲ ಮೇಲಿದೆ.

ಈಗ ತಾವರೆ ಮತ್ತೆ ಚಿಗುರಿದೆ. ಹೋದ ತಿಂಗಳು ಒಂದೇ ಒಂದು ಜೋಡಿ ದೇವನಕ್ಕಿ ಬಂದಿದೆ. ನಾನು ನಿವೃತ್ತನಾದೆ, ನನ್ನ ಜಾಗಕ್ಕೆ ಮತ್ತೆ ಒಬ್ಬನನ್ನೇ ಹಾಕುತ್ತಾರಂತೆ. ಅಧ್ಯಕ್ಷರೇ, ನಿಮ್ಮ ಸಂಘ ಇಲಾಖೆಗೆ ಬರೆಯುವ ಪತ್ರದಲ್ಲಿ ಯಂತ್ರ ಕೇಳಿ, ಒಳ್ಳೆಯದು. ಅದಕ್ಕಿಂತ ಮೊದಲು ಇಬ್ಬರನ್ನು ಹಾಕಿ ಅಂತ ಬರೆಯಿರಿ. ಒಟ್ಟಿಗೆ ಕೂತು ಉಣ್ಣುವ ಇಬ್ಬರನ್ನು.

ಇಷ್ಟು ಹೊತ್ತು ಕೇಳಿದ್ದೀರಿ, ನಿಮಗೆಲ್ಲ ಧನ್ಯವಾದ. ಇನ್ನು ಊಟಕ್ಕೆ ಏಳೋಣ. ನನ್ನ ಪಕ್ಕದಲ್ಲಿ ಯಾರಾದರೂ ಕೂತು, ಸಾರಿಗೆ ಉಪ್ಪು ಸರಿಯಾಗಿದೆಯಾ ಅಂತ ಹೇಳಿ. ನಮಸ್ಕಾರ.